ಒಡೆದ ಗಾಜಿನ ಒಡವೆ

ಗೃಹಸ್ಥನ ಮನೆಯಲ್ಲಿ ಯಾವ ವಸ್ತು ಒಡೆದರೂ ಅದಕ್ಕೊಂದು ಗತಿಯುಂಟು. ಮಡಕೆ ಒಡೆದರೆ ಅದರ ಓಡು ಹೂಗಿಡದ ಬುಡಕ್ಕೆ ಸೇರುವುದು. ಕಂಚಿನ ಪಾತ್ರೆ ಬಿರಿದರೆ ಕಂಚುಗಾರನ ಮೂಸೆಗೆ ಹೋಗುವುದು. ಬಟ್ಟೆ ಹರಿದರೆ ಒರಸುವ ಚಿಂದಿಯಾಗುವುದು. ಮರದ ಮಣೆ ಮುರಿದರೆ ಬಚ್ಚಲೊಲೆಗೆ ಸಲ್ಲುವುದು. ಗಾಜಿಗೆ ಮಾತ್ರ ಹೀಗೊಂದು ಸದ್ಗತಿಯಿಲ್ಲ. ಅದನ್ನು ಸುಡಲಾಗದು, ಹೂಳಿದರೆ ಕೊಳೆಯದು, ಹಸು ಮೂಸದು, ಗುಜರಿಯವನೂ ಒಡೆದ ಚೂರನ್ನು ಕೈಯಿಂದ ಮುಟ್ಟಲೊಲ್ಲನು. ಆದಕಾರಣ ನಮ್ಮ ಮನೆಗಳಲ್ಲಿ ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಬೇಲಿಯಾಚೆಗೆ ಎಸೆದು, ಆ ವಿಷಯವನ್ನು ಮರೆತುಬಿಡುವುದೇ ವಾಡಿಕೆಯಾಗಿದೆ. ಮರೆತವರು ನಾವು, ಭೂಮಿಯು ಅದನ್ನು ಮರೆಯುವುದಿಲ್ಲ.

ನಾವು ವಾಸಿಸುವ ಅರಂತೋಡು ಸುಳ್ಯದಿಂದ ಸಂಪಾಜೆಯ ಮಾರ್ಗವಾಗಿ ಮಡಿಕೇರಿಗೆ ಹೋಗುವ ಹೆದ್ದಾರಿಯ ಮೇಲಿರುವ ಗ್ರಾಮ. ಸುತ್ತಲೂ ಅಡಿಕೆ ತೋಟಗಳು, ರಬ್ಬರಿನ ಗುಡ್ಡಗಳು, ಪಕ್ಕದಲ್ಲಿ ಪಯಸ್ವಿನೀ ನದಿ. ಹೆದ್ದಾರಿಯಿರುವಲ್ಲಿ ಕುಪ್ಪಿಗಳಿರುವುದು ಸ್ವಾಭಾವಿಕ. ದಾರಿಹೋಕರು ಕುಡಿದು ಬಿಸುಟ ಕುಪ್ಪಿಗಳು ಮೋರಿಗೆ ಬಿದ್ದು, ಮೋರಿಯಿಂದ ತೋಡಿಗೆ ಇಳಿದು, ಮಳೆಗಾಲದ ನೆರೆಯಲ್ಲಿ ಒಡೆದು ತೋಟಗಳಿಗೆ ಸೇರುವುವು. ಅಡಿಕೆ ಹೆಕ್ಕುವವರು ಬರಿಗಾಲಿನಲ್ಲಿ ನಡೆಯುವವರು. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿನ ಅಂಗಾಲನ್ನು ಇಂತಹ ಒಂದು ಚೂರು ಸೀಳಿತು. ಗಾಯವು ಮಾಯಲು ಆರು ವಾರಗಳು ಹಿಡಿದುವು. ಆ ಆರು ವಾರಗಳ ಕೂಲಿ ಅವಳ ಮನೆಗೆ ಬರಲಿಲ್ಲ. ಕುಡಿದವನು ಯಾರೋ, ನೋವುಂಡವಳು ಯಾರೋ. ಅಂದಿನಿಂದ ನಾವು ಪ್ರಾತಃಕಾಲದಲ್ಲಿ ತಿರುಗಾಡಲು ಹೋಗುವಾಗ ಒಂದು ದಪ್ಪ ಗೋಣಿಚೀಲವನ್ನೂ ಚರ್ಮದ ಕೈಗವಸನ್ನೂ ಒಯ್ಯುವ ಅಭ್ಯಾಸವನ್ನು ಇಟ್ಟುಕೊಂಡೆವು. ಪರರ ಕುಡಿತವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಕುಪ್ಪಿಯನ್ನು ಎತ್ತುವುದು ಇದೆ.

ಚೀಲವೇನೋ ತುಂಬಿತು. ತುಂಬಿದ್ದನ್ನು ಏನು ಮಾಡಬೇಕು? ಇಡೀ ಕುಪ್ಪಿಗಳನ್ನು ಗುಜರಿಯವನು ಒಯ್ದನು. ಒಡೆದ ಚೂರುಗಳು ನಮ್ಮಲ್ಲೇ ಉಳಿದುವು. ಅವುಗಳನ್ನು ಕತ್ತರಿಸಿ, ಉರುಳಿಸಿ, ನಯಮಾಡಿ ಒಡವೆಯ ಹರಳುಗಳನ್ನಾಗಿ ಮಾಡುವ ಒಂದು ವಿನೋದ ವ್ಯವಸಾಯವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ನಿವೃತ್ತಿಯ ಕಾಲದಲ್ಲಿ ನಾವು ಅದನ್ನು ಕೈಗೊಂಡೆವು. ಗೃಹಸ್ಥರಾದ ವಾಚಕರಿಗೂ ಅವರ ಮನೆಯ ಹೆಣ್ಣುಮಕ್ಕಳಿಗೂ ಉಪಯೋಗವಾದೀತೆಂದು ಅದರ ಕ್ರಮವನ್ನು ಇಲ್ಲಿ ವಿವರಿಸುವೆವು.

ಗಾಜಿಗೆ ಸಂಸ್ಕೃತದಲ್ಲಿ ‘ಕಾಚ’ವೆಂದು ಹೆಸರು. ನಮ್ಮ ನೀತಿಕಾರರು ಸತ್ಪುರುಷನನ್ನು ಮಣಿಗೂ ಡಾಂಭಿಕನನ್ನು ಗಾಜಿಗೂ ಹೋಲಿಸಿ ಹೋಲಿಸಿ ಬಡ ಗಾಜಿನ ಮಾನವನ್ನು ಕಳೆದಿರುವರು. ಆದರೆ ಶಾಸ್ತ್ರಕಾರರು ಅದನ್ನು ಕಡೆಗಣಿಸಿದವರಲ್ಲ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಬೊಕ್ಕಸಕ್ಕೆ ಬರುವ ರತ್ನಗಳ ವಿವರಣೆಯ ನಡುವೆ ಕಾಚಮಣಿಗಳಿಗೂ ಸ್ಥಾನವಿದೆ. ರೋಮಿನ ಪ್ಲಿನಿಯೆಂಬ ಪಂಡಿತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಭಾರತದ ಗಾಜನ್ನು ಮಿಕ್ಕ ದೇಶಗಳ ಗಾಜಿಗಿಂತ ಮಿಗಿಲೆಂದು ಹೊಗಳಿರುವನು. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸನು ನಡೆಸಿದ ಉತ್ಖನನದಲ್ಲಿ ಗಾಜಿನ ಮಣಿಗಳು ದೊರೆತುವು. ಎಂದಮೇಲೆ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಕನ್ನಡ ನಾಡಿನ ಸ್ತ್ರೀಯರು ಗಾಜಿನ ಮಣಿಗಳನ್ನು ಧರಿಸುತ್ತಿದ್ದರೆನ್ನಲು ಅಡ್ಡಿಯಿಲ್ಲ.

ಅದೇ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡು ಗ್ರಾಮವು ಗಾಜಿನ ಬಳೆಗಳಿಗೆ ಹೆಸರಾಗಿತ್ತು. ೧೮೦೦–೦೧ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಗಳಲ್ಲಿ ಬಳೆಗಳಿಗಾಗಿ ನಾನಾ ಬಣ್ಣದ ಗಾಜನ್ನು ಕಾಯಿಸುತ್ತಿದ್ದುದನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿರುವನು. ಮುಂದೆ ಈ ಕಸಬು ಪರದೇಶದ ಅಗ್ಗದ ಸರಕಿನ ಮುಂದೆ ನಿಲ್ಲಲಾರದೆ ಹೋಯಿತು. ೧೯೧೪ರ ಮಹಾಯುದ್ಧಕ್ಕೆ ಮುಂಚೆ, ಇಂದಿನ ಚೆಕ್ ದೇಶದಲ್ಲಿರುವ ಗಾಬ್ಲೊಂಜ್ ಪಟ್ಟಣದ ಬಳೆಗಳೂ ಮಣಿಗಳೂ ಹಡಗು ಹಡಗಾಗಿ ನಮ್ಮ ದೇಶಕ್ಕೆ ಬರುತ್ತಿದ್ದುವು. ಸ್ವದೇಶೀ ಚಳವಳಿಯ ಕಾಲದಲ್ಲಿ ಜನರಿಂದ ಒಂದೊಂದು ಪೈಸೆಯನ್ನು ಎತ್ತಿ ಕೂಡಿಸಿದ ‘ಪೈಸಾ ಫಂಡಿ’ನಿಂದ ೧೯೦೮ರಲ್ಲಿ ಪುಣೆಯ ಬಳಿಯ ತಳೇಗಾಂವಿನಲ್ಲಿ ಒಂದು ಗಾಜಿನ ಕಾರ್ಖಾನೆಯು ಏರ್ಪಟ್ಟಿತೆಂಬುದನ್ನು ನೆನೆದರೆ, ಗಾಜಿನ ಬಳೆಯ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ಅಭಿಮಾನವು ಅರಿವಾಗುವುದು. ಈಗ ನಮ್ಮ ಮನೆಗಳಿಗೆ ಬರುವ ಬಳೆಗಳಲ್ಲಿ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನವು. ಸುಮಂಗಲಿಯ ಕೊರಳಿನ ಕರಿಮಣಿಯೂ ಗಾಜೇ. ಮಾಂಗಲ್ಯದ ಚಿನ್ನದೊಡನೆ ಸಮಸ್ಕಂಧವಾಗಿ ಕುಳಿತಿರುವ ಈ ವಸ್ತುವನ್ನು ಕೀಳೆಂದು ಹೇಳುವವರು ಯಾರು?

ಇನ್ನು ಗಾಜೆಂದರೇನೆಂಬುದನ್ನು ನೋಡೋಣ. ಸಾಮಾನ್ಯವಾದ ಕುಪ್ಪಿಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಮರಳಿನ ಸಾರವಾದ ಸಿಲಿಕ. ಉಳಿದುದು ಮುಖ್ಯವಾಗಿ ಸೋಡ ಮತ್ತು ಸುಣ್ಣ. ಮರಳು ಬೇಗ ಕರಗುವಂತೆ ಸೋಡವನ್ನೂ, ಕರಗಿ ಆರಿದ ಗಾಜು ನೀರಿಗೆ ಸವೆಯದಂತೆ ಸುಣ್ಣವನ್ನೂ ಕೂಡಿಸುವರು. ಮರಳಿನಲ್ಲಿರುವ ಕಬ್ಬಿಣದ ಅಂಶವು ಹಸುರು ಛಾಯೆಯನ್ನು ಕೊಡುವುದು. ಕಬ್ಬಿಣದೊಡನೆ ಗಂಧಕವೂ ಇಂಗಾಲವೂ ಕೂಡಿದರೆ ಬೀರಿನ ಕುಪ್ಪಿಯ ಕಂದುಬಣ್ಣವು ಬರುವುದು. ಕೋಬಾಲ್ಟಿನ ಲೇಶವು ಗಾಢ ನೀಲವನ್ನು ಕೊಡುವುದು. ಹಸುರು ಕುಪ್ಪಿಯ ಚೂರನ್ನು ನಯಮಾಡಿ ಬಿಸಿಲಿಗೆ ಹಿಡಿದರೆ ಮರಕತವೂ, ಕಂದು ಕುಪ್ಪಿಯದನ್ನು ಹಿಡಿದರೆ ಗೋಮೇದಕವೂ ನೆನಪಿಗೆ ಬರುವುದು. ನೆನಪಿಗೆ ಬಂದರೆ ಸಾಕು. ಅದನ್ನು ಮರಕತವೆಂದು ಮಾರಲು ಹೊರಟರೆ ನೀತಿಕಾರರ ಹೋಲಿಕೆಯು ನಮಗೇ ಸಲ್ಲುವುದು.

ಎಲ್ಲ ಗಾಜೂ ಈ ಕೆಲಸಕ್ಕೆ ಯೋಗ್ಯವಲ್ಲ. ಮೋಟಾರು ವಾಹನಗಳ ಪಕ್ಕದ ಕಿಟಕಿಯ ಗಾಜು ವಿಶೇಷವಾಗಿ ಹದಗೊಳಿಸಿದುದು. ಅದನ್ನು ಕೊರೆಯಹೋದರೆ ಒಮ್ಮೆಗೇ ಸಾವಿರ ಚೂರಾಗುವುದು. ಟ್ಯೂಬ್ ದೀಪಗಳಲ್ಲಿ ಪಾದರಸವಿರುವುದರಿಂದ ಅವುಗಳನ್ನು ಮುಟ್ಟಲೇಬಾರದು. ಹಳೆಯ ದೂರದರ್ಶನ ಪೆಟ್ಟಿಗೆಗಳ ಗಾಜಿನಲ್ಲಿಯೂ ‘ಕ್ರಿಸ್ಟಲ್’ ಎಂದು ಕರೆಯುವ ಭಾರವಾದ ಲೋಟಗಳಲ್ಲಿಯೂ ಸೀಸವಿರುವುದುಂಟು. ಕುಪ್ಪಿ, ಕಿಟಕಿಯ ಸಾದಾ ಗಾಜು, ಒಡೆದ ಬಳೆ, ಔಷಧದ ಶೀಶೆ, ಇವಿಷ್ಟು ಸಾಕು.

ಮೊದಲನೆಯದು ಕತ್ತರಿಸುವ ಕಾರ್ಯ. ಗಾಜನ್ನು ‘ಕತ್ತರಿಸುವುದು’ ಎಂದು ರೂಢಿಯಲ್ಲಿ ಹೇಳಿದರೂ ವಾಸ್ತವವಾಗಿ ಯಾರೂ ಗಾಜನ್ನು ಕತ್ತರಿಸುವುದಿಲ್ಲ. ಒಡೆಯಬೇಕಾದ ದಾರಿಯನ್ನು ಅದಕ್ಕೆ ತೋರಿಸುವರು, ಅಷ್ಟೆ. ಗಾಜು ತನ್ನ ಬಲಕ್ಕೆ ತಕ್ಕಂತೆ ನಿಲ್ಲದೆ ಸುಲಭವಾಗಿ ಒಡೆಯುವುದಕ್ಕೆ ಅದರ ಮೈಮೇಲಿರುವ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂಬುದನ್ನು ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿಯು ೧೯೨೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಸಿದ್ಧಪಡಿಸಿದನು. ಎಳೆಯುವ ಬಲವೆಲ್ಲವೂ ಬಿರುಕಿನ ತುದಿಯಲ್ಲಿ ಬಂದು ಸೇರುವುದು. ಅಲ್ಲಿಂದ ಸೀಳು ಮುಂದುವರಿಯುವುದು. ಗಾಜಿನ ಕೆಲಸಗಾರನು ಈ ದೌರ್ಬಲ್ಯವನ್ನೇ ಸಾಧನವನ್ನಾಗಿ ಮಾಡಿಕೊಳ್ಳುವನು. ಕೊರೆಯುವ ಪೆನ್ನಿನ ತುದಿಯಲ್ಲಿ ಗಟ್ಟಿಲೋಹದ ಒಂದು ಪುಟ್ಟ ಚಕ್ರವಿರುವುದು. ಅದಕ್ಕೆ ಚಿಮಿಣಿ ಎಣ್ಣೆಯನ್ನು ಸವರಿ, ಗಾಜಿನ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಮನಾದ ಒತ್ತಡದಲ್ಲಿ ಒಂದೇ ಬಾರಿ ಎಳೆಯಬೇಕು. ಎಳೆದ ಗೆರೆಯ ಮೇಲೆ ಮತ್ತೊಮ್ಮೆ ಎಳೆಯಬಾರದು; ಎಳೆದರೆ ಸೀಳು ದಾರಿ ತಪ್ಪುವುದು. ಬಳಿಕ ಗೆರೆಯ ಇಕ್ಕೆಲಗಳನ್ನೂ ಹಿಡಿದು ಕೆಳಕ್ಕೆ ಬಾಗಿಸಿದರೆ ಗಾಜು ‘ಟಕ್’ ಎಂದು ಎರಡಾಗುವುದು.

ಕುಪ್ಪಿಯು ದುಂಡಗಿರುವುದರಿಂದ ಅದಕ್ಕೆ ಬೇರೆ ಉಪಾಯವಿದೆ. ಕುಪ್ಪಿಯ ಸುತ್ತಲೂ ಒಂದು ಗೆರೆಯನ್ನು ಕೊರೆದು, ಆ ಗೆರೆಯ ಮೇಲೆ ಬಿಸಿನೀರನ್ನೂ ತಣ್ಣೀರನ್ನೂ ಒಂದಾದ ಮೇಲೊಂದರಂತೆ ಹನಿಸಿದರೆ, ಹಿಗ್ಗುವ ಮತ್ತು ಕುಗ್ಗುವ ಎಳೆದಾಟದಲ್ಲಿ ಅದು ಗೆರೆಯ ಗುಂಟ ಬೇರ್ಪಡುವುದು. ಹೀಗೆ ಎರಡು ಗೆರೆಗಳ ನಡುವಿನ ಬಳೆಯನ್ನು ತೆಗೆದು, ಅದನ್ನು ಚಕ್ರಬಾಯಿಯ ಇಕ್ಕುಳದಿಂದ ಬೇಕಾದ ಅಳತೆಗೆ ಚಿವುಟಿಕೊಳ್ಳಬಹುದು. ಅಷ್ಟು ತಾಳ್ಮೆಯಿಲ್ಲದವರು ಕುಪ್ಪಿಯನ್ನು ಒದ್ದೆಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು, ಹೊರಬಂದ ಚೂರುಗಳಲ್ಲಿ ಚೆಲುವಾದವುಗಳನ್ನು ಆರಿಸಿಕೊಳ್ಳಲಿ. ಬೆರಳಿನ ಉಗುರಿನಷ್ಟಿರುವ ಚೂರು ಓಲೆಗೆ, ಹುಣಸೆಬೀಜದಷ್ಟಿರುವುದು ಸರಕ್ಕೆ, ಹಲಸಿನ ಬೀಜದಷ್ಟಿರುವುದು ಪದಕಕ್ಕೆ ಒಪ್ಪುವುದು.

ಎರಡನೆಯದು ಉರುಳಿಸುವ ಕಾರ್ಯ. ಇದರಲ್ಲಿ ನಮ್ಮ ಆದಿಗುರು ನದಿಯೇ ಸರಿ. ಬೇಸಗೆಯಲ್ಲಿ ಪಯಸ್ವಿನಿಯ ಪಾತ್ರಕ್ಕೆ ಇಳಿದರೆ ಕೋಳಿಮೊಟ್ಟೆಯಂತೆ ನುಣುಪಾದ ಕಲ್ಲುಗಳು ಕಾಲಿಗೆ ತಗಲುವುವು. ಘಟ್ಟದ ಮೇಲೆ ಒಡೆದು ಬಿದ್ದಾಗ ಆ ಕಲ್ಲುಗಳಿಗೆ ಮೂಲೆಗಳಿದ್ದುವು. ನೂರಾರು ಮಳೆಗಾಲಗಳಲ್ಲಿ ಒಂದಕ್ಕೊಂದು ತಾಗಿ, ಮರಳಿನಲ್ಲಿ ಹೊರಳಿ ಮೂಲೆಗಳನ್ನು ಕಳೆದುಕೊಂಡುವು. ನರ್ಮದೆಯ ಬಾಣಲಿಂಗಗಳಿಗೂ ಆಕಾರವನ್ನು ಕೊಟ್ಟ ಶಿಲ್ಪಿ ನೀರೇ. ಗಾಜಿನ ಕಾಠಿನ್ಯವನ್ನು ಖನಿಜಶಾಸ್ತ್ರಜ್ಞರು ಹತ್ತರ ಮಾನದಲ್ಲಿ ಸುಮಾರು ಐದೂವರೆಯೆಂದು ಎಣಿಸುವರು. ಹೊಳೆಮರಳಿನ ಬೆಣಚುಕಲ್ಲಿನದು ಏಳು. ಆದಕಾರಣ ಮರಳು ಗಾಜನ್ನು ಸವೆಸಬಲ್ಲುದು. ಸಮುದ್ರತೀರದಲ್ಲಿ ಒಮ್ಮೊಮ್ಮೆ ಸಿಗುವ ಮಂಜುಮಂಜಾದ ಗಾಜಿನ ಹರಳುಗಳು ಹೀಗೆಯೇ ಆದುವು. ಆದರೆ ಸಮುದ್ರಕ್ಕೆ ಅವಸರವಿಲ್ಲ. ಅದಕ್ಕೆ ಹತ್ತಾರು ವರ್ಷಗಳು ಬೇಕು. ಮನುಷ್ಯನು ಮೂರು ವಾರಗಳಲ್ಲಿ ಮುಗಿಸಲು ಬಯಸುವನು.

ಗುಜರಾತಿನ ಖಂಭಾತದ ಅಕೀಕು ಕೆಲಸಗಾರರು ಈ ವಿದ್ಯೆಯನ್ನು ಹಿಂದೆಯೇ ಸಾಧಿಸಿದ್ದರು. ಮಣಿಗಳನ್ನೂ ಕುರುವಿಂದದ ಪುಡಿಯನ್ನೂ ಚರ್ಮದ ಚೀಲದಲ್ಲಿ ತುಂಬಿ, ನೀರು ಚಿಮುಕಿಸಿ, ಬಾಯಿ ಕಟ್ಟಿ, ಚೀಲಕ್ಕೆ ಪಟ್ಟಿಯನ್ನು ಸುತ್ತಿ, ಆಚೆಗೊಬ್ಬ ಈಚೆಗೊಬ್ಬ ಕುಳಿತು ಹತ್ತು ಹದಿನೈದು ದಿನಗಳ ಕಾಲ ಅತ್ತಿತ್ತ ಎಳೆದಾಡಿ ಉರುಳಿಸುತ್ತಿದ್ದರು. ಚೀಲದ ಸ್ಥಾನದಲ್ಲಿ ಪೀಪಾಯಿಯೂ ಮನುಷ್ಯರ ಸ್ಥಾನದಲ್ಲಿ ವಿದ್ಯುತ್ತಿನ ಮೋಟಾರೂ ಬಂದುದೇ ಇಂದಿನ ಉರುಳುಯಂತ್ರ. ಪುಡಿಯೂ ಬದಲಾಗಿದೆ. ೧೮೯೧ರಲ್ಲಿ ಅಮೆರಿಕದ ಅಚೆಸನ್ ಎಂಬವನು ಕಂಡುಹಿಡಿದ ‘ಕಾರ್ಬೊರಂಡಂ’ ವಜ್ರವನ್ನುಳಿದು ಹೆಚ್ಚಿನ ಎಲ್ಲ ಪದಾರ್ಥಗಳಿಗಿಂತ ಗಟ್ಟಿಯಾದುದು. ಆ ಹೆಸರಿನ ಬಾಲದಲ್ಲಿ ನಮ್ಮ ‘ಕುರುವಿಂದ’ವು ಅಡಗಿರುವುದನ್ನು ಶಬ್ದಪ್ರಿಯರು ಗಮನಿಸಬೇಕು. ಕುರುವಿಂದದ ಬಂಧುವಾದ ತಮಿಳಿನ ‘ಕುರುಂದ’ವು ಯುರೋಪಿಗೆ ಹೋಗಿ ‘ಕೊರಂಡಂ’ ಆಯಿತು. ಇಂಗಾಲವನ್ನು ಮುಂದೆ ಸೇರಿಸಿಕೊಂಡು ಮರಳಿ ನಮ್ಮ ಅಂಗಡಿಗಳಿಗೆ ಬಂದಿತು.

ಯಂತ್ರವನ್ನು ಕೊಳ್ಳುವವರು ಕೊಳ್ಳಬಹುದು. ಮನೆಯಲ್ಲಿ ಮಾಡಿಕೊಳ್ಳುವುದೂ ಕಷ್ಟವಲ್ಲ. ಆರಂಗುಲ ವ್ಯಾಸದ ನೀರಾವರಿ ಪೈಪಿನ ಒಂದಡಿಯ ತುಂಡು, ಅದರ ಎರಡು ಬಾಯಿಗಳಿಗೆ ಮುಚ್ಚಳ, ಒಳಮೈಗೆ ಹಳೆಯ ಟ್ಯೂಬಿನ ರಬ್ಬರಿನ ಅಸ್ತರಿ, ಕೆಳಗೆ ತಿರುಗುವ ಎರಡು ಸರಳುಗಳು, ಸರಳನ್ನು ತಿರುಗಿಸಲು ಒಂದು ಪಟ್ಟಿ ಮತ್ತು ಬಲ. ಬಲಕ್ಕೆ ಸಣ್ಣ ಮೋಟಾರು ಸಾಕು. ನಮ್ಮ ಕಡೆಯಲ್ಲಿ ಮಳೆಗಾಲದ ವಿದ್ಯುತ್ತನ್ನು ನಂಬುವುದು ಆಟಿ ತಿಂಗಳಿನ ಬಿಸಿಲನ್ನು ನಂಬಿದಂತೆ. ಉರುಳುವ ಕೆಲಸವೋ ಹಗಲಿರುಳು ನಿಲ್ಲದೆ ನಡೆಯತಕ್ಕುದು. ಆದಕಾರಣ ನಾವು ಮನೆಯ ಹಿಂದಿನ ತೋಡಿಗೆ ಒಂದು ಮರದ ನೀರಿನ ಚಕ್ರವನ್ನು ಹೂಡಿ ಅದರ ಅಚ್ಚಿಗೆ ಪಟ್ಟಿಯನ್ನು ಕಟ್ಟಿರುವೆವು. ಮಲೆನಾಡಿನ ಎಷ್ಟೋ ಮನೆಗಳವರು ತೋಡಿನ ನೀರಿನಿಂದ ದೀಪವನ್ನೇ ಉರಿಸಿಕೊಳ್ಳುತ್ತಿರುವಾಗ ಒಂದು ಪೀಪಾಯಿಯನ್ನು ಉರುಳಿಸುವುದು ಯಾವ ಘನಕಾರ್ಯ? ಜೂನಿನಿಂದ ಕಾರ್ತಿಕದವರೆಗೆ ತೋಡು ನಮ್ಮ ಆಳು. ಆಮೇಲೆ ಅದಕ್ಕೂ ನಮಗೂ ವಿಶ್ರಾಂತಿ.

ವಾಚಕರ ವಿನೋದಕ್ಕಾಗಿ ಒಂದು ಸಣ್ಣ ಲೆಕ್ಕ. ಆರಂಗುಲದ, ಎಂದರೆ ಸುಮಾರು ೧೫ ಸೆಂಟಿಮೀಟರಿನ ಪೀಪಾಯಿಯ ಸುತ್ತಳತೆ ೪೭ ಸೆಂಟಿಮೀಟರು. ನಿಮಿಷಕ್ಕೆ ೪೦ ಸುತ್ತು ತಿರುಗಿದರೆ ಅದರ ಮೈ ನಿಮಿಷಕ್ಕೆ ಸುಮಾರು ೧೯ ಮೀಟರು, ದಿನಕ್ಕೆ ೨೭ ಕಿಲೋಮೀಟರು ಉರುಳಿದಂತಾಗುವುದು. ನಮ್ಮ ಪಯಸ್ವಿನಿಯು ಕಾಸರಗೋಡಿನ ಸೀಮೆಯಲ್ಲಿ ಚಂದ್ರಗಿರಿಯೆನಿಸಿಕೊಂಡು ಕಡಲನ್ನು ಸೇರುವವರೆಗೆ ಹರಿಯುವ ದೂರ ಸುಮಾರು ೧೦೫ ಕಿಲೋಮೀಟರು. ನಾಲ್ಕೇ ದಿನಗಳಲ್ಲಿ ಪೀಪಾಯಿಯು ಘಟ್ಟದಿಂದ ಕಡಲಿನವರೆಗಿನ ದಾರಿಯನ್ನು ನಿಂತಲ್ಲಿಯೇ ಸವೆಸಿಬಿಡುವುದು!

ಪೀಪಾಯಿಯನ್ನು ತುಂಬುವ ಕ್ರಮ ಹೀಗೆ. ಮೂರರಲ್ಲಿ ಎರಡು ಪಾಲಿನಷ್ಟು ಗಾಜನ್ನು ತುಂಬಬೇಕು. ಬರಿದಾಗಿದ್ದರೆ ಚೂರುಗಳು ಎತ್ತರದಿಂದ ಬಿದ್ದು ಒಡೆಯುವುವು. ತುಂಬಿ ತುಳುಕಿದರೆ ಉರುಳಲಾರವು. ದೊಡ್ಡವೂ ಸಣ್ಣವೂ ಬೆರೆತಿದ್ದರೆ ಸಣ್ಣವು ದೊಡ್ಡವುಗಳ ಸಂದಿನಲ್ಲಿ ಸೇರಿ ಮೆತ್ತೆಯಾಗುವುವು. ಗಾಜಿನ ಮೇಲ್ಮಟ್ಟಕ್ಕೆ ತುಸು ಕೆಳಗೆ ನಿಲ್ಲುವಷ್ಟು ನೀರು, ಒಂದು ಕಿಲೋ ಗಾಜಿಗೆ ದೊಡ್ಡ ಚಮಚದಲ್ಲಿ ಎರಡು ಚಮಚ ಕಾರ್ಬೊರಂಡಂ ಪುಡಿ. ಪುಡಿಗೆ ಅಂಕೆಗಳುಂಟು, ಅಂಕೆ ಹೆಚ್ಚಿದಷ್ಟೂ ಪುಡಿ ನುಣುಪು. ಮೊದಲು ೧೨೦ರ ಅಂಕೆಯ ತರಿಪುಡಿಯಲ್ಲಿ ಮೂರು ನಾಲ್ಕು ದಿನ. ಇದರಿಂದ ಚೂಪೆಲ್ಲ ಹೋಗಿ ಅಂಚುಗಳು ದುಂಡಗಾಗುವುವು. ಬಳಿಕ ೨೨೦ರಲ್ಲಿ ನಾಲ್ಕು ದಿನ, ೬೦೦ರಲ್ಲಿ ಐದಾರು ದಿನ. ದಿನಕ್ಕೊಮ್ಮೆ ಮುಚ್ಚಳವನ್ನು ಸಡಿಲಿಸಿ ಒಳಗೆ ಕೂಡಿದ ವಾಯುವನ್ನು ಬಿಡಬೇಕು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಗಾಜನ್ನೂ ಪೀಪಾಯಿಯನ್ನೂ ಮಡಿಯವರು ಪಾತ್ರೆ ತೊಳೆಯುವಂತೆ ತೊಳೆಯಬೇಕು. ಹಿಂದಿನ ಪುಡಿಯ ಒಂದು ಕಣ ಉಳಿದರೂ ಮುಂದಿನ ಒಂದು ವಾರದ ನಯವನ್ನು ಅದು ಗೀಚಿ ಕೆಡಿಸುವುದು. ಇಡೀ ವಿದ್ಯೆಯಲ್ಲಿ ಕಷ್ಟವಾದ ಭಾಗವೆಂದರೆ ಈ ತೊಳೆಯುವಿಕೆಯೇ.

ಇಲ್ಲಿಗೇ ನಿಲ್ಲಿಸಿದರೆ ಗಾಜು ಕಡಲ ತಡಿಯ ಹರಳಿನಂತೆ, ಬೆಳಗಿನ ಹೊತ್ತು ಮಂಜು ಕವಿದ ಕೆಸುವಿನೆಲೆಯಂತೆ ಮಾಸಲಾಗಿ ಕಾಣುವುದು. ಅನೇಕರಿಗೆ ಅದೇ ಇಷ್ಟ. ಹೊಳಪು ಬೇಕೆನ್ನುವವರು ಸೀರಿಯಂ ಆಕ್ಸೈಡ್ ಎಂಬ ಪುಡಿಯನ್ನು ಹಾಕಿ, ಮೆತ್ತೆಗಾಗಿ ಪ್ಲಾಸ್ಟಿಕ್ಕಿನ ಸಣ್ಣ ಗುಳಿಗೆಗಳನ್ನು ಬೆರೆಸಿ, ಇನ್ನೊಂದು ವಾರ ಮೆಲ್ಲಗೆ ಉರುಳಿಸಬೇಕು. ಈ ಸೀರಿಯಂ ಧಾತುವು ಕೇರಳದ ಚವರ ಕಡಲತಡಿಯ ಮೊನಜೈಟ್ ಮರಳಿನಲ್ಲಿ ದೊರೆಯುವುದು. ಇದು ಗಾಜನ್ನು ಕೇವಲ ಉಜ್ಜುವುದಲ್ಲದೆ ಅದರ ಮೇಲ್ಮೈಯೊಡನೆ ರಾಸಾಯನಿಕವಾಗಿಯೂ ವರ್ತಿಸುವುದರಿಂದ ಅಂತಹ ಹೊಳಪು ಬರುವುದು.

ಮೂರನೆಯದು ಒಡವೆ ಕಟ್ಟುವ ಕಾರ್ಯ. ಗಾಜಿಗೆ ತೂತು ಕೊರೆಯಬೇಕಾದರೆ ವಜ್ರದ ಪುಡಿ ಅಂಟಿಸಿದ ಸಣ್ಣ ಬೈರಿಗೆಯ ಮೊನೆ ಬೇಕು; ಗಾಜನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟು, ಒತ್ತದೆ ನಿಧಾನವಾಗಿ ಕೊರೆಯಬೇಕು. ವಿದ್ಯುತ್ ಬೈರಿಗೆಯು ನೀರಿಗೆ ತಾಗದಂತೆ ಎಚ್ಚರವಿರಬೇಕು. ತೂತಿಲ್ಲದೆಯೂ ಒಡವೆ ಮಾಡಬಹುದು. ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನಾದ ಬೆಳ್ಳಿಯ ಅಥವಾ ತಾಮ್ರದ ತಂತಿಯಿಂದ ಹರಳನ್ನು ಬಳ್ಳಿ ಸುತ್ತಿದಂತೆ ಸುತ್ತಿ, ಮೇಲೆ ಒಂದು ಕುಣಿಕೆಯನ್ನು ಬಿಟ್ಟರಾಯಿತು. ಮಲ್ಲಿಗೆ ಕಟ್ಟಲು ಬಲ್ಲ ಬೆರಳುಗಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಕೊಳ್ಳುವುವು. ನಮ್ಮ ಮೊಮ್ಮಗಳು ಕಲಿತದ್ದು ಹಾಗೆಯೇ. ಕಿವಿಗೆ ಹಾಕುವ ಕೊಕ್ಕೆ ಮಾತ್ರ ಬೆಳ್ಳಿಯದಾಗಿರಲಿ. ಅಗ್ಗದ ಮಿಶ್ರಲೋಹಗಳಲ್ಲಿರುವ ನಿಕ್ಕಲಿನಿಂದ ಕೆಲವರ ಕಿವಿ ಹುಣ್ಣಾಗುವುದು.

ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ಈ ಲೇಖನವು ಅಪಕಾರವನ್ನೇ ಮಾಡೀತು. ಒಡೆಯುವಾಗ, ಚಿವುಟುವಾಗ ಕಣ್ಣಿಗೆ ಕನ್ನಡಕ, ಕೈಗೆ ಕವಸು, ಕಾಲಿಗೆ ಮೆಟ್ಟು ಕಡ್ಡಾಯ. ಗಾಜನ್ನು ಎಂದಿಗೂ ಒಣಗಿದ್ದಾಗ ಉಜ್ಜಬಾರದು, ಕೊರೆಯಬಾರದು. ಖಂಭಾತದಲ್ಲಿ ಅಕೀಕಿನ ಕಲ್ಲನ್ನು ಸಾಣೆ ಹಿಡಿಯುವ ಎಷ್ಟೋ ಬಡ ಕುಟುಂಬಗಳವರು ಆ ಧೂಳನ್ನು ಸೇವಿಸಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ಅಕಾಲ ಮೃತ್ಯುವಿಗೆ ತುತ್ತಾಗಿರುವರು. ಗಾಜಿನ ಧೂಳು ಸ್ಫಟಿಕಶಿಲೆಯ ಧೂಳಿನಷ್ಟು ಘಾತುಕವಲ್ಲವಾದರೂ ಶ್ವಾಸಕ್ಕೆ ಹಿತವಾದುದೂ ಅಲ್ಲ. ನೀರಿದ್ದಲ್ಲಿ ಧೂಳು ಏಳದು. ಪೀಪಾಯಿಯಿಂದ ಹೊರಬರುವ ಕೆಸರನ್ನು ಬಚ್ಚಲಿಗೆ ಸುರಿದರೆ ಅದು ಗಾರೆಯಂತೆ ಕಟ್ಟಿಕೊಳ್ಳುವುದು; ತೋಡಿಗೆ ಸುರಿಯುವುದಂತೂ ಪಾಪಕಾರ್ಯ. ಬಾಲ್ದಿಯಲ್ಲಿ ತಂಗಲು ಬಿಟ್ಟು, ತಿಳಿನೀರನ್ನು ಚೆಲ್ಲಿ, ಕೆಳಗಿನ ಕೆಸರನ್ನು ಹಸಿಯಿರುವಾಗಲೇ ಸಿಮೆಂಟಿನ ಕೆಲಸಕ್ಕೆ ಬೆರೆಸಿಬಿಡುವುದು ಲೇಸು.

ಇನ್ನು ಆಕ್ಷೇಪಗಳಿಗೆ ಸಮಾಧಾನ. ಮದ್ಯದ ಕುಪ್ಪಿಯ ಗಾಜನ್ನು ಕುಲಸ್ತ್ರೀಯರು ಕೊರಳಿಗೆ ಧರಿಸುವುದೇ ಎಂದು ನಮ್ಮ ಮಿತ್ರರೊಬ್ಬರು ಮುಖ ಗಂಟಿಕ್ಕಿದರು. ಸ್ಮೃತಿಕಾರರು ಮಣಿಗಳಿಗೂ ಶಿಲಾಮಯವಾದ ವಸ್ತುಗಳಿಗೂ ಬೂದಿ, ನೀರು, ಮಣ್ಣು ಇವುಗಳಿಂದ ಶುದ್ಧಿಯನ್ನು ವಿಧಿಸಿರುವರು. ನೀರಿನಲ್ಲಿಯೂ ಮಣ್ಣಿನಂತಹ ಪುಡಿಯಲ್ಲಿಯೂ ಮೂರು ವಾರ ಹಗಲಿರುಳು ಹೊರಳಿ, ಮೇಲ್ಮೈಯನ್ನೇ ಕಳೆದುಕೊಂಡು ಬಂದ ವಸ್ತುವಿಗಿಂತ ಹೆಚ್ಚು ಶುದ್ಧವಾದುದು ಯಾವುದು? ಮದ್ಯ ತಾಗಿದ ಪದರವೇ ಈಗ ಇಲ್ಲ. ಅಂಗಡಿಯಿಂದ ತರುವ ಬಳೆಯ ಗಾಜಿನ ಪೂರ್ವಾಶ್ರಮವನ್ನು ಯಾರು ವಿಚಾರಿಸಿರುವರು?

ನಿಜವಾದ ಹರಳುಗಳಿಲ್ಲವೇ, ಈ ಬಡ ಗಾಜೇಕೆ ಎಂದು ಇನ್ನು ಕೆಲವರು ಕೇಳುವರು. ನಮ್ಮ ಮೇಲಣ ಘಟ್ಟದ ರಕ್ಷಿತಾರಣ್ಯಗಳಲ್ಲಿ, ಕೂಜಿಮಲೆಯಂತಹ ಕಡೆಗಳಲ್ಲಿ, ಕೆಂಪು ಹರಳುಕಲ್ಲಿಗಾಗಿ ಕದ್ದು ಗುಂಡಿ ತೋಡುವವರ ಸಮಾಚಾರವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವುದು. ಬೆಟ್ಟದ ಹೊಟ್ಟೆಯನ್ನು ಬಗೆದು ತಂದ ಮಣಿಗಿಂತ ದಾರಿಯ ಬದಿಯಿಂದ ಹೆಕ್ಕಿ ತಂದ ಗಾಜು ನಮಗೆ ಪ್ರಿಯವಾದುದು. ಒಂದು ನೆಲವನ್ನು ಗಾಯಗೊಳಿಸಿ ಬರುವುದು. ಇನ್ನೊಂದು ನೆಲದ ಗಾಯವನ್ನು ತೆಗೆದು ಬರುವುದು. ತಮಿಳುನಾಡಿನ ನೀಲಗಿರಿಯಲ್ಲಿ ಒಡೆದ ಕುಪ್ಪಿಗಳಿಂದ ಕಾಡುಪ್ರಾಣಿಗಳಿಗಾಗುವ ಗಾಯಗಳನ್ನು ಮನಗಂಡು, ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ೨೦೨೨ರಲ್ಲಿ, ಮದ್ಯದ ಪ್ರತಿ ಕುಪ್ಪಿಗೆ ಹತ್ತು ರೂಪಾಯಿ ಹೆಚ್ಚಾಗಿ ಪಡೆದು ಖಾಲಿ ಕುಪ್ಪಿಯನ್ನು ಮರಳಿಸಿದಾಗ ಅದನ್ನು ಹಿಂದಕ್ಕೆ ಕೊಡುವ ಏರ್ಪಾಡನ್ನು ಆರಂಭಿಸಿದರು. ನಮ್ಮ ಘಟ್ಟದ ತಪ್ಪಲಿನಲ್ಲಿಯೂ ಅಂತಹ ಏರ್ಪಾಡಾದರೆ ನಮ್ಮ ಗೋಣಿಚೀಲವು ಹಗುರಾಗುವುದು. ಅದಕ್ಕಾಗಿ ನಾವು ಸಂತೋಷಪಡುವೆವು. ಸಮೀಪದ ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳಿಗೆ ಅಕ್ಕಿ ಚೆಲ್ಲುವ ಭಕ್ತರು, ಮರಳುವ ದಾರಿಯಲ್ಲಿ ಒಂದು ಕುಪ್ಪಿಯನ್ನು ಹೆಕ್ಕಿದರೆ ಆ ಸೇವೆಯೂ ದೇವರಿಗೆ ಸಲ್ಲದಿರದು.

ಮೂರನೆಯ ಆಕ್ಷೇಪವು ನಮ್ಮ ಮನೆಯೊಳಗೇ ಹುಟ್ಟಿತು. ಇದಕ್ಕೆ ನಮ್ಮ ಪಾಂಡಿತ್ಯವು ಸಮಾಧಾನ ಹೇಳಲಿಲ್ಲ. ನಮ್ಮ ಅಕ್ಕನವರಿಗೆ ಈಗ ಎಂಬತ್ತು ಸಮೀಪಿಸಿದೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡಂದು, ಆ ಕಾಲದ ಪದ್ಧತಿಯಂತೆ, ಅವರ ಕೈಯ ಗಾಜಿನ ಬಳೆಗಳನ್ನು ಒಡೆದರು. ಅಂದಿನಿಂದ ಅವರು ಗಾಜನ್ನು ಮುಟ್ಟಿದವರಲ್ಲ. ಆದರೆ ಹರಳುಗಳನ್ನು ತೊಳೆಯುವ ಕೆಲಸಕ್ಕೆ ಅವರೇ ಬಂದು ಕುಳಿತರು. ಅವರಷ್ಟು ಶುಚಿಯಾಗಿ ತೊಳೆಯುವವರು ಬೇರೆ ಇಲ್ಲ. ಒಂದು ಆಟಿಯ ಮಧ್ಯಾಹ್ನ ಹಸುರು ಹರಳೊಂದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, ಅದನ್ನು ತಮಗೆ ಒಂದು ಸರಕ್ಕೆ ಕಟ್ಟಿಕೊಡಬೇಕೆಂದರು. ಮನೆಯ ಹಿರಿಯ ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಊರಿನವರು ಏನೆಂದಾರು ಎಂದು ಒಬ್ಬರು ಮೆಲ್ಲನೆ ಅಂದರು. ಅಕ್ಕನವರು ನಮ್ಮ ಕಡೆಗೆ ತಿರುಗಿ, “ಒಡೆದದ್ದು ಒಡೆದೇ ಇರಬೇಕೆಂದು ನೀನು ಓದಿದ ಯಾವ ಶಾಸ್ತ್ರದಲ್ಲಿದೆ, ತಮ್ಮಾ?” ಎಂದು ಕೇಳಿದರು. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾವು ಆ ಪ್ರಶ್ನೆಗೆ ಉತ್ತರ ಕೊಡಲು ಯತ್ನಿಸಲಿಲ್ಲ. ಮೊಮ್ಮಗಳು ಬೆಳ್ಳಿಯ ತಂತಿಯಿಂದ ಅದನ್ನು ಕಟ್ಟಿದಳು. ಅವರು ಅದನ್ನು ಇಂದಿಗೂ ಧರಿಸುತ್ತಿರುವರು. ಊರಿನವರು ಏನೂ ಅನ್ನಲಿಲ್ಲ. ಮರುವಾರ ಇಬ್ಬರು ಮುದುಕಿಯರು ತಮಗೂ ಹಸುರೇ ಬೇಕೆಂದು ಬಂದರು.

ಈ ವ್ಯವಸಾಯದಿಂದ ಧನಿಕರಾಗಬಹುದೆಂದು ನಾವು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಜಾತ್ರೆಯ ಅಂಗಡಿಯಲ್ಲಿ ಇಟ್ಟರೆ ಪುಡಿಯ ಖರ್ಚು ಹೊರಡುವುದು, ತಂತಿಯದೂ ಹೊರಟೀತು. ಇದರ ಲಾಭವು ಬೇರೆ ಬಗೆಯದು. ಮಳೆಗಾಲದಲ್ಲಿ ಹೊರಗೆ ಹೋಗಲಾರದೆ ಜಗಲಿಯಲ್ಲಿ ಕುಳಿತ ವೃದ್ಧನ ಕೈಗೆ ಕೆಲಸ. ಮಕ್ಕಳಿಗೆ ಕಾಠಿನ್ಯ, ಘರ್ಷಣ, ವರ್ಣ ಮುಂತಾದ ವಿಷಯಗಳ ಜೀವಂತ ಪಾಠ. ಹೆಣ್ಣುಮಕ್ಕಳಿಗೆ ತಮ್ಮ ಕೈಯಿಂದಲೇ ಆದ ಒಡವೆ. ಎಲ್ಲಕ್ಕೂ ಮಿಗಿಲಾಗಿ, ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವವರ ದಾರಿಯಿಂದ ದಿನಕ್ಕೆ ಹತ್ತು ಚೂರುಗಳಾದರೂ ಕಡಿಮೆಯಾಗುವುವು.

ಆರಂಭಿಸುವವರು ದೊಡ್ಡ ಸನ್ನಾಹವನ್ನೇನೂ ಮಾಡಬೇಕಾಗಿಲ್ಲ. ಮೊದಲು ಒಂದು ಚೀಲವನ್ನೂ ಗಟ್ಟಿಯಾದ ಕೈಗವಸನ್ನೂ ಸಂಪಾದಿಸಿ, ಒಂದು ತಿಂಗಳ ಕಾಲ ತಮ್ಮ ಮನೆಯಿಂದ ದೇವಸ್ಥಾನದವರೆಗೆ, ಇಲ್ಲವೇ ಶಾಲೆಯವರೆಗೆ, ದಾರಿಯಲ್ಲಿ ಕಂಡ ಗಾಜನ್ನು ಹೆಕ್ಕಲಿ. ಬಣ್ಣಬಣ್ಣವಾಗಿ ವಿಂಗಡಿಸಿ ತೊಳೆದು ಬಿಸಿಲಿಗಿಡಲಿ. ಆ ರಾಶಿಯನ್ನು ನೋಡಿದ ಮೇಲೆಯೂ ಪೀಪಾಯಿಯನ್ನು ಮಾಡಬೇಕೆಂಬ ಬುದ್ಧಿ ಹುಟ್ಟದಿದ್ದರೆ ಚಿಂತೆಯಿಲ್ಲ, ದಾರಿಯಂತೂ ಶುದ್ಧವಾಗಿರುವುದು.